ನಾಟಕದಲ್ಲಿ ಇರದ ಮಾತು

ಕೊರೊನಾ ಕಾಟ ಮುಗಿದು ನಮ್ಮೂರಲ್ಲಿ ಮತ್ತೆ ನಾಟಕ ಶುರುವಾದ ವರ್ಷದ ಮಾತಿದು. ಅದಕ್ಕೂ ಮುಂಚಿನ ಯುಗಾದಿಗಳು ಪರದೆ ಕಟ್ಟದೆ, ಹಾರ್ಮೋನಿಯಂ ಸಪ್ಪಳ ಕೇಳದೆ ಸುಮ್ಮನೆ ಹೋಗಿದ್ದವು. ಈ ಸಲ ಏನೇ ಆಗಲಿ, ಪಾಡ್ಯದ ಮರುದಿನ ನಾಟಕ ಆಡಲೇಬೇಕು ಎಂದು ಊರವರೆಲ್ಲ ಸೇರಿ ನಿಶ್ಚಯಿಸಿದರು.

ನನ್ನ ಹೆಸರು ಖಾಜಾಸಾಬ. ಕುಷ್ಟಗಿ ತಾಲೂಕಿನ ಒಂದು ಊರಲ್ಲಿ ಬಟ್ಟೆ ಹೊಲಿಯುತ್ತೇನೆ. ಊರಿನ ಹೆಸರು ಬೇಡ. ಇದರಲ್ಲಿ ಬರುವವರೆಲ್ಲ ಇನ್ನೂ ಅಲ್ಲೇ ಇದ್ದಾರೆ, ನಾನೂ ಅಲ್ಲೇ ಇದ್ದೇನೆ. ಹೊಲಿಗೆ ಬಿಟ್ಟರೆ ನನಗೆ ಗೊತ್ತಿರುವುದು ನಾಟಕ. ನಮ್ಮೂರ ನಾಟಕದಲ್ಲಿ ಕೆಟ್ಟ ಧಣಿಯ ಪಾತ್ರ ಬಂತೆಂದರೆ ಅದು ನನ್ನದೇ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ದೊಡ್ಡ ಮನೆತನದವರು ಯಾರೂ ಆ ಪಾತ್ರ ಬೇಕೆಂದು ಕೇಳುವುದಿಲ್ಲ. ಕೊನೆಗೆ ಎಲ್ಲರ ಕೈಯಲ್ಲಿ ಬೈಸಿಕೊಳ್ಳುವ ಪಾತ್ರ ಅವರಿಗೆ ಯಾಕೆ ಬೇಕು? ನನಗೆ ಎತ್ತರ ಇದೆ, ಗಂಟಲು ಇದೆ, ಬೈಸಿಕೊಂಡು ರೂಢಿಯೂ ಇದೆ.

ಆ ವರ್ಷದ ನಾಟಕ ಬರೆದವರು ನಮ್ಮೂರ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಗುರುಸಿದ್ದಪ್ಪ ಮಾಸ್ತರು. ಆಡಿಸುವವರೂ ಅವರೇ. ಕಥೆ ಸರಳ. ಒಬ್ಬ ಧಣಿ, ಅವನ ಹೊಲದಲ್ಲಿ ದುಡಿಯುವ ಆಳು ಭೀಮ್ಯಾ. ಧಣಿಯ ಚೀಲ ಹೇರಿದ ಬಂಡಿ ಭೀಮ್ಯಾನ ಕಾಲಿನ ಮೇಲೆ ಹಾಯುತ್ತದೆ. ಕಾಲು ಮಾಯುವವರೆಗೆ ಕೆಲಸದಿಂದ ತೆಗೆಯಬೇಡಿ ಎಂದು ಎರಡನೆಯ ಅಂಕದಲ್ಲಿ ಅವನು ಧಣಿಯ ಕಾಲಿಗೆ ಬೀಳುತ್ತಾನೆ. ಧಣಿ ಬೈದು ಹೊರಗೆ ಹಾಕುತ್ತಾನೆ. ಮೂರನೆಯ ಅಂಕದಲ್ಲಿ ಅದೇ ಭೀಮ್ಯಾ ಆಳುಮಕ್ಕಳನ್ನೆಲ್ಲ ಕೂಡಿಸಿಕೊಂಡು ಧಣಿಯ ಅಂಗಳಕ್ಕೆ ಬಂದು ನ್ಯಾಯ ಕೇಳುತ್ತಾನೆ. ಮಾಸ್ತರು ಇದನ್ನು ಯಾರನ್ನು ನೆನೆಸಿಕೊಂಡು ಬರೆದರೋ ನಾನು ಕೇಳಲಿಲ್ಲ. ನಮ್ಮ ಕಡೆ ಬಂಡಿಯ ಗಾಲಿಗೆ ಕಾಲು ಕೊಟ್ಟವರು ಊರೂರಿಗೆ ಸಿಗುತ್ತಾರೆ.

ನಾಟಕದ ಹೀರೋ ಭೀಮ್ಯಾನೇ. ಹಾಡು ಅವನಿಗೆ, ಚಪ್ಪಾಳೆ ಬೀಳುವ ಮಾತುಗಳೂ ಅವನಿಗೆ. ಹಾಗಾಗಿ ಆ ಪಾತ್ರ ಮಹಾಂತೇಶನಿಗೆ ಹೋಯಿತು. ಮಹಾಂತೇಶ ಎಂದರೆ ಊರಿನ ಶಂಕರಗೌಡರ ಕಿರಿಯ ಮಗ. ಕೊಪ್ಪಳದಲ್ಲಿ ಕಾಲೇಜು ಓದಿ ಬಂದು ದಾಳಿಂಬೆ ತೋಟ ನೋಡಿಕೊಳ್ಳುತ್ತಿದ್ದ. ಇಲ್ಲಿ ಬರೆಯುವಾಗ ಹೆಸರು ಹಿಡಿದು ಬರೆಯುತ್ತಿದ್ದೇನೆ. ಎದುರಿಗೆ ನಾನು ಕರೆಯುವುದು ‘ಸಣ್ಣಗೌಡ್ರ’ ಎಂದೇ. ನನಗಿಂತ ಬಹಳ ಚಿಕ್ಕವನು, ಆದರೂ ನನ್ನನ್ನು ‘ಖಾಜಾ, ನೀ’ ಎನ್ನುತ್ತಿದ್ದ. ಅದರಲ್ಲಿ ಅವನಿಗೂ ಏನೂ ಅನಿಸುತ್ತಿರಲಿಲ್ಲ, ನನಗೂ ಅನಿಸುತ್ತಿರಲಿಲ್ಲ. ಊರ ಒಳ್ಳೆಯ ಹೊಲಗಳೆಲ್ಲ ಇಂದಿಗೂ ಆ ಮನೆಯವರವೇ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಸಾಲು ಅವರದು. ನನ್ನ ಹೊಲಿಗೆ ಅಂಗಡಿ ಇರುವುದೂ ಅದೇ ಸಾಲಿನಲ್ಲಿ.

ಸಂಜೆ ಶಾಲೆಯ ಕೋಣೆಯಲ್ಲಿ ತಾಲೀಮು ನಡೆಯುತ್ತಿತ್ತು. ಮೊದಲ ತೊಂದರೆ ಬಂದದ್ದು ನನ್ನ ನಾಲಿಗೆಗೆ. ಭೀಮ್ಯಾ ಬಂದು ನಿಂತಾಗ ನಾನು ‘ಯಾಕಲೇ ಭೀಮ್ಯಾ’ ಎನ್ನಬೇಕು. ಎದುರಿಗೆ ನಿಂತವರು ಸಣ್ಣಗೌಡರು. ನನ್ನ ಬಾಯಿಂದ ‘ಯಾಕ್ರಿ ಭೀಮ್ಯಾ’ ಎಂದೇ ಬರುತ್ತಿತ್ತು. ಎಲ್ಲರೂ ನಕ್ಕರು, ಮಹಾಂತೇಶನೂ ನಕ್ಕ.

ಮಾಸ್ತರು ಮಾತ್ರ ನಗಲಿಲ್ಲ. “ಖಾಜಾ, ಇಲ್ಲಿ ನೀ ಧಣಿ ಅದಿ. ರೀ ಗೀ ಎಲ್ಲಾ ಹೊರಗ ಚಪ್ಪಲಿ ಜೋಡಿ ಬಿಟ್ಟು ಬಾ” ಎಂದರು.

ಎರಡನೆಯ ತೊಂದರೆ ಮಹಾಂತೇಶನದು. ಅವನಿಗೆ ಬೀಳಲು ಬರುತ್ತಿರಲಿಲ್ಲ. ಬಗ್ಗಿ ನನ್ನ ಮೊಣಕಾಲು ಮುಟ್ಟಿದ ಹಾಗೆ ಮಾಡಿ ಎದ್ದುಬಿಡುತ್ತಿದ್ದ.

“ಸಣ್ಣಗೌಡ್ರ, ಇದು ಮದುವಿ ಮನ್ಯಾಗ ಹಿರೇರಿಗೆ ಮಾಡೋ ನಮಸ್ಕಾರ ಆತು” ಎಂದರು ಮಾಸ್ತರು. “ಭೀಮ್ಯಾಗ ಬ್ಯಾರೆ ದಾರಿ ಇಲ್ಲ. ಅದಕ್ಕ ಬೀಳ್ತಾನ.”

“ಬೀಳಾಕ ಬೇಕೇನ್ರಿ ಸರ್? ಕೈ ಮುಗದ್ರ ಸಾಲಂಗಿಲ್ಲೇನು?”

“ಎರಡನೇ ಅಂಕದಾಗ ನೆಲಕ್ಕ ಬಿದ್ರನ ಮೂರನೇ ಅಂಕದಾಗ ಎದ್ದು ನಿಂತದ್ದಕ್ಕ ಬೆಲಿ ಬರ್ತೈತಿ. ಇಲ್ಲಂದ್ರ ನಾಟಕ ಮನಿಗೆ ಹೋಗ್ತೈತಿ.”

ಆ ದಿನ ತಾಲೀಮು ಮುಗಿಸಿ ನಾನೂ ಮಹಾಂತೇಶನೂ ಕೂಡಿ ಹೊರಗೆ ಬಂದೆವು. ಶಾಲೆಯ ಗೇಟಿನ ಹತ್ತಿರ ಮಹಾಂತೇಶ ನಿಂತು ಕೇಳಿದ. “ಖಾಜಾ, ನಿಮ್ಮಪ್ಪ ಮೊದಲ ನಮ್ಮ ಮನ್ಯಾಗ ಆಳಿದ್ದ ಅಂತಲ್ಲ. ಅವ ನಮ್ಮಪ್ಪನ ಮುಂದ ಹೆಂಗ ನಿಂದರ್ತಿದ್ದ? ಒಂದೀಟು ತೋರ್ಸು.”

ಅವನು ಚೇಷ್ಟೆಗೆ ಕೇಳಿದ್ದಲ್ಲ. ಪಾತ್ರ ಚೆನ್ನಾಗಿ ಬರಲಿ ಎಂದೇ ಕೇಳಿದ್ದ. ನಾನು ತೋರಿಸಿದೆ. ಚಪ್ಪಲಿ ದೂರ ಬಿಟ್ಟು ಬರಬೇಕು. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಮುಖ ನೋಡಬಾರದು, ಅವರ ಪಾದದ ಮುಂದಿನ ನೆಲ ನೋಡಬೇಕು. ಮಾತು ಮುಗಿದ ಮೇಲೂ ಹೋಗು ಅನ್ನುವವರೆಗೆ ನಿಂತಿರಬೇಕು. ಮಹಾಂತೇಶ ಲಕ್ಷ್ಯಕೊಟ್ಟು ಕಲಿಯುತ್ತಿದ್ದ. ಮರುದಿನದಿಂದ ಅವನು ಸರಿಯಾಗಿ ಬೀಳತೊಡಗಿದ. ಎಷ್ಟು ಸರಿಯಾಗಿ ಎಂದರೆ ನನಗೆ ಅವನತ್ತ ನೋಡಲು ಆಗುತ್ತಿರಲಿಲ್ಲ.

ನಮ್ಮಪ್ಪನ ವಿಷಯ ಇಲ್ಲಿ ಹೇಳಲೇಬೇಕು. ಅಪ್ಪನ ಹೆಸರು ಇಮಾಮಸಾಬ. ಹರೆಯದಿಂದಲೂ ಶಂಕರಗೌಡರ ಮನೆಯಲ್ಲಿ ಸಂಬಳದ ಆಳಾಗಿದ್ದ. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಸುಗ್ಗಿಗೆ ಜೋಳದ ಚೀಲ ಹೇರಿದ ಬಂಡಿ ಹಳ್ಳದ ಇಳುಕಲಿನಲ್ಲಿ ಮಗುಚಿ ಅಪ್ಪನ ಕಾಲು ಗಾಲಿಯ ಕೆಳಗೆ ಸಿಕ್ಕಿತು. ಕಟ್ಟು ಹಾಕಿಸಿದರೂ ಎಲುಬು ಸೊಟ್ಟಗೆ ಕೂಡಿತು. ಸ್ವಲ್ಪ ಎದ್ದು ಓಡಾಡುವಂತಾದ ಮೇಲೆ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಗೌಡರ ಮನೆಗೆ ಹೋದ. ಗೌಡರು ಪಡಸಾಲೆಯಲ್ಲಿ ನಾಲ್ಕು ಮಂದಿಯ ಜೊತೆ ಕೂತಿದ್ದರು.

“ಕಾಲು ನೆಟ್ಟಗಾಗೋತನ ದನ ನೋಡ್ಕೊಂತ ಇರ್ತೀನ್ರಿ ಯಪ್ಪಾ. ಕೆಲಸ ಬಿಡಸಬ್ಯಾಡ್ರಿ” ಎಂದು ಅಪ್ಪ ಕೇಳಿದ.

ಗೌಡರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಂಡರು. ತಲೆ ಎತ್ತಲಿಲ್ಲ. ಮಳೆ ಬೆಳೆ ಮಾತಾಡಿದಷ್ಟು ಮೆಲ್ಲಗೆ ಹೇಳಿದರು. “ಎತ್ತು ಕುಂಟಾದ್ರ ಒಕ್ಕಲತನ ನಿಂದರ್ತೈತಿ. ನೀ ಕುಂಟಾದ್ರ ಏನು ನಿಂದರ್ತೈತಿ?”

ಎತ್ತು ಕುಂಟಾದರೆ ಬೇಸಾಯ ನಿಂತುಹೋಗುತ್ತದೆ, ಆಳು ಕುಂಟಾದರೆ ಏನೂ ನಿಲ್ಲುವುದಿಲ್ಲ ಎಂದು ಅದರ ಅರ್ಥ. ಕೂತವರು ನಕ್ಕರು. ಅಪ್ಪನೂ ಸ್ವಲ್ಪ ನಕ್ಕ. ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಆ ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಹಗ್ಗ ಹೊಸೆಯುತ್ತಾ ಕೂತ. ಅವ್ವ ಕೂಲಿಗೆ ಹೋದಳು. ನನ್ನನ್ನು ಕುಷ್ಟಗಿಯಲ್ಲಿ ಒಬ್ಬ ಟೇಲರ್ ಹತ್ತಿರ ಬಿಟ್ಟರು. ಅಪ್ಪ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ದಾರಿಯಲ್ಲಿ ಗೌಡರು ಸಿಕ್ಕರೆ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುವುದು ಮಾತ್ರ ತಪ್ಪಲಿಲ್ಲ.

ಇನ್ನು ನಾಟಕದ ದಿನ. ಮೈಕಿಗೆ ಪೊಲೀಸರು ರಾತ್ರಿ ಹತ್ತರವರೆಗೆ ಮಾತ್ರ ಪರವಾನಗಿ ಕೊಟ್ಟಿದ್ದರಿಂದ ಹೊತ್ತು ಮುಳುಗುವ ಮುಂಚೆಯೇ ಪರದೆ ಎದ್ದಿತು. ಶಾಲೆಯ ಬಯಲು ತುಂಬಿತ್ತು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿದ್ದರು. ನಡುವಿನ ಕುರ್ಚಿಯಲ್ಲಿ ಶಂಕರಗೌಡರು ಕೂತಿದ್ದರು, ಮಗನನ್ನು ನೋಡಲು ಬಂದಿದ್ದರು. ಮಗ ಹೀರೋ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಹೀರೋ ಎರಡನೆಯ ಅಂಕದಲ್ಲಿ ಏನು ಮಾಡುತ್ತಾನೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪನೂ ಬಂದಿದ್ದ. ಎಂದೂ ನಾಟಕಕ್ಕೆ ಬಾರದವನು ಮೊಮ್ಮಕ್ಕಳು ಹಟ ಹಿಡಿದರೆಂದು ಬಂದು, ಬಯಲಿನ ಒಂದು ಬದಿಗೆ ಗೋಡೆಗೆ ಒರಗಿ ಕೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ. ಪರದೆಯ ಸಂದಿಯಿಂದ ನಾನು ನೋಡಿದ್ದೆ.

ಮೊದಲ ಅಂಕ ಚೆನ್ನಾಗಿ ಹೋಯಿತು. ನಾನು ಮೀಸೆ ತಿರುವಿ ಕೂಗಿದಾಗಲೆಲ್ಲ ಮಕ್ಕಳು ಸಿಳ್ಳೆ ಹಾಕಿದರು. ಎರಡನೆಯ ಅಂಕದಲ್ಲಿ ಮಹಾಂತೇಶ ಕುಂಟುತ್ತಾ ಬಂದ. ಚಪ್ಪಲಿ ದೂರ ಬಿಟ್ಟ. ಹೆಗಲ ಮೇಲಿನ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನ ಪಾದದ ಮುಂದಿನ ನೆಲ ನೋಡುತ್ತಾ ಬೇಡಿಕೊಂಡ, ಆಮೇಲೆ ಬಿದ್ದ. ಎರಡೂ ಕೈಯಿಂದ ನನ್ನ ಪಾದ ಹಿಡಿದುಕೊಂಡ.

ಅಲ್ಲಿ ನಾನು ಆಡಬೇಕಾದ ಮಾತನ್ನು ಮಾಸ್ತರು ಬರೆದಿದ್ದರು. ‘ಎಲವೋ ಭೀಮಾ, ಕುಂಟುಗಾಲಿನ ನೀನು ನನ್ನ ಅರಮನೆಯ ಹೊಸ್ತಿಲು ತುಳಿಯಬಹುದೇ? ತೊಲಗಾಚೆ!’ ಎಂದು ಗುಡುಗಬೇಕಿತ್ತು. ತಾಲೀಮಿನಲ್ಲಿ ಎಷ್ಟೋ ಸಲ ಗುಡುಗಿದ್ದೆ. ಅಂದು ಬಾಯಿ ತೆರೆದರೆ ಆ ಮಾತು ಬರಲಿಲ್ಲ. ಕೆಳಗೆ ಬಿದ್ದ ಬೆನ್ನನ್ನು ನೋಡಿದೆ. ಒಮ್ಮೆ ಕೆಮ್ಮಿ ಗಂಟಲು ಸರಿ ಮಾಡಿಕೊಂಡೆ. ಆ ಕೆಮ್ಮು ನನ್ನದಲ್ಲ ಎಂದು ನನಗೇ ಕೇಳಿಸಿತು. ಅವನತ್ತ ನೋಡದೆ, ಮೀಸೆ ಮುಟ್ಟದೆ, ಮೆಲ್ಲಗೆ ಅಂದೆ.

“ಎತ್ತು ಕುಂಟಾದ್ರ ಒಕ್ಕಲತನ ನಿಂದರ್ತೈತಿ ಭೀಮ್ಯಾ. ನೀ ಕುಂಟಾದ್ರ ಏನು ನಿಂದರ್ತೈತಿ?”

ಮೇಲಿಂದ ಇಳಿಬಿಟ್ಟ ಮೈಕು ಅದನ್ನು ಬಯಲಿಗೆಲ್ಲ ಕೇಳಿಸಿತು. ಹಾರ್ಮೋನಿಯಂ ನಿಂತಿತು. ಆ ಕೆಮ್ಮು, ಆ ಧಾಟಿ ಊರಲ್ಲಿ ಯಾರದು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಹಿಂದೆ ಕೂತಿದ್ದ ಹೆಂಗಸರ ಕಡೆಯಿಂದ ಯಾರೋ ‘ಅಯ್ಯ ನಮ್ಮವ್ವ’ ಅಂದದ್ದು ಕೇಳಿಸಿತು.

ಶಂಕರಗೌಡರು ಕುರ್ಚಿಯಿಂದ ಎದ್ದರು. ಬದಿಯ ಮೆಟ್ಟಿಲಿನಿಂದ ನಿಧಾನವಾಗಿ ರಂಗದ ಮೇಲೆ ಹತ್ತಿ ಬಂದರು. ಪರದೆಯ ಹಿಂದಿದ್ದ ಮಾಸ್ತರು ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತುಬಿಟ್ಟರು. ಗೌಡರಿಗೂ ನಾಟಕದಲ್ಲಿ ಒಂದು ಪಾತ್ರ ಕೊಟ್ಟಿದ್ದಾರೆಂದು ತಿಳಿದು ಕೆಲವು ಹುಡುಗರು ಸಿಳ್ಳೆ ಹಾಕಿದರು.

“ಮಹಾಂತೇಶ, ಏಳು. ಮನಿಗೆ ನಡಿ” ಎಂದರು ಗೌಡರು.

ಮಹಾಂತೇಶ ತಲೆ ಎತ್ತಲಿಲ್ಲ. ನನ್ನ ಪಾದ ಹಿಡಿದ ಕೈಯನ್ನೂ ಬಿಡಲಿಲ್ಲ. “ನಾಟಕ ನಡದೈತಿ ಯಪ್ಪಾ” ಎಂದ.

ನನಗೆ ಏನು ಮಾಡಬೇಕೋ ತೋಚಲಿಲ್ಲ. ನನ್ನ ಹಿಂದೆ ಧಣಿಗೆಂದು ಹಾಕಿದ ದೊಡ್ಡ ಕುರ್ಚಿ ಇತ್ತು. “ಬರ್ರಿ ಗೌಡ್ರ, ಕುಂದರ್ರಿ” ಎಂದೆ. ಅದನ್ನು ಧಣಿಯಾಗಿ ಅಂದೆನೋ ಟೇಲರ್ ಖಾಜಾ ಆಗಿ ಅಂದೆನೋ ಈಗ ಹೇಳಲಾರೆ. ಅವರು ಕುರ್ಚಿಯನ್ನು ನೋಡಿದರು, ಕೂಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

“ಈಗ ಅಂದ್ಯಲ್ಲ, ಆ ಮಾತು ಮಾಸ್ತರು ಬರದಾರೇನು?”

“ಇಲ್ರಿ.”

“ಮತ್ತ ಯಾರ ಮಾತು ಅದು?”

ಸುಳ್ಳು ಹೇಳಬಹುದಿತ್ತು. ನಾನೇ ಕಟ್ಟಿದ ಮಾತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೈಮೇಲೆ ನಾನೇ ಹೊಲಿದ ಜರಿಯ ಅಂಗಿ, ಅಂಟಿಸಿದ ಮೀಸೆ, ಕೆಳಗೆ ಅವರ ಮಗ.

“ನಿಮ್ದರಿ ಗೌಡ್ರ” ಎಂದೆ.

ಅದೂ ಮೈಕಿನಲ್ಲಿ ಹೋಯಿತು. ಈಗ ಯಾರೂ ಸಿಳ್ಳೆ ಹಾಕಲಿಲ್ಲ.

“ನಾ ಯಾರಿಗಂದೆ?”

ನನ್ನ ಕಣ್ಣು ತಾನಾಗಿಯೇ ಅಪ್ಪ ಕೂತಿದ್ದ ಗೋಡೆಯ ಕಡೆ ಹೋಯಿತು. ನನ್ನ ಕಣ್ಣು ಹೋದ ಕಡೆ ಗೌಡರ ಕಣ್ಣು ಹೋಯಿತು. ಅವರ ಹಿಂದೆ ಬಯಲಿನ ಮಂದಿಯೆಲ್ಲ ಅತ್ತ ತಿರುಗಿದರು. ಅಪ್ಪ ಎದ್ದಿದ್ದ. ಕೋಲು ಊರಿಕೊಂಡು ಗೋಡೆ ಹಿಡಿದು ಗೇಟಿನ ಕಡೆಗೆ ಹೊರಟಿದ್ದ. ಒಂದು ಕಾಲು ಇಡುತ್ತಿದ್ದ, ಇನ್ನೊಂದನ್ನು ಎಳೆದುಕೊಳ್ಳುತ್ತಿದ್ದ. ಅವನು ಗೇಟು ದಾಟಿ ಮರೆಯಾಗುವವರೆಗೆ ಇಡೀ ಊರು ಅವನ ನಡಿಗೆಯನ್ನೇ ನೋಡಿತು.

ಗೌಡರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ಮಗನನ್ನು ಮತ್ತೆ ಕರೆಯಲಿಲ್ಲ. “ನಾಟಕ ನಡೀಲಿ” ಎಂದು ಮಾಸ್ತರಿಗೆ ಹೇಳಿ ಇಳಿದು ಹೋಗಿ ತಮ್ಮ ಕುರ್ಚಿಯಲ್ಲೇ ಕೂತರು.

ಮೂರನೆಯ ಅಂಕ ಹೇಗೆ ಆಡಿದೆವೋ ನನಗೆ ಪೂರ್ತಿ ನೆನಪಿಲ್ಲ. ಮಹಾಂತೇಶ ಬಂದು ಧಣಿಯ ಅಂಗಳದಲ್ಲಿ ನಿಂತು ನ್ಯಾಯ ಕೇಳುವ ಮಾತನ್ನೆಲ್ಲ ಹೇಳಿದ. ಚಪ್ಪಾಳೆಗೆಂದೇ ಬರೆದ ಮಾತುಗಳವು. ಅವನು ಕೂಗಲಿಲ್ಲ, ಓದಿದ ಹಾಗೆ ಹೇಳಿದ. ಮಂದಿ ಚಪ್ಪಾಳೆ ತಟ್ಟಲಿಲ್ಲ. ನಾಟಕ ಮುಗಿದ ಮೇಲೆ ಸಾವಿನ ಮನೆಯಿಂದ ಎದ್ದು ಹೋಗುವವರ ಹಾಗೆ ಎದ್ದು ಹೋದರು.

ಸುಳ್ಳು ಯಾಕೆ ಹೇಳಲಿ, ಅಂದು ಮನೆಗೆ ಹೋಗುವಾಗ ನನ್ನ ಎದೆಯಲ್ಲಿ ಭಯದ ಜೊತೆ ಸ್ವಲ್ಪ ಹೆಮ್ಮೆಯೂ ಇತ್ತು. ಎಷ್ಟೋ ವರ್ಷದ ಮೇಲೆ ಅಪ್ಪನ ಪರವಾಗಿ ಯಾರೋ ಒಬ್ಬರು ಮಾತಾಡಿದಂತಾಯಿತು ಎಂದುಕೊಂಡಿದ್ದೆ. ಮನೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೆಳಿಗ್ಗೆ ಚಹಾ ಕೊಡಲು ಹೋದಾಗ ಲೋಟ ಮುಟ್ಟಲಿಲ್ಲ.

“ಯಾರನ್ನ ಕೇಳಿ ಅಂದಿ?” ಎಂದ.

“ಬಾಯಿಗೆ ಬಂದ್ಬಿಡ್ತು ಯಪ್ಪಾ.”

“ಅದು ನನಗಂದ ಮಾತು. ನಿನಗಂದಿದ್ದಲ್ಲ. ನಿಮ್ಮವ್ವ ಸಾಯೋತನ ನಾ ಆಕಿಗೂ ಹೇಳಿಲ್ಲ. ನೀ ಮೈಕಿನ್ಯಾಗ ಹೇಳಿದಿ.” ಆಮೇಲೆ ಸಿಟ್ಟಿಲ್ಲದೆ ಹೇಳಿದ. “ಇಷ್ಟು ದಿನ ಹಾದ್ಯಾಗ ಹೊಂಟ್ರ ಮಂದಿ ನನ್ನ ಮಾರಿ ನೋಡಿ ಮಾತಾಡ್ತಿದ್ರು. ಇನ್ನ ಮ್ಯಾಲೆ ಕಾಲು ನೋಡ್ತಾರ.”

ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು. ಎದುರಿಗೆ ಕೂತುಕೊಳ್ಳಲೂ ಆಗದೆ ಎದ್ದು ಹೊರಗೆ ಬಂದೆ.

ಮುಂದಿನ ದಿನಗಳು ಕಷ್ಟದವು. ಹರೆಯದ ಹುಡುಗರು ಅಂಗಡಿಗೆ ಬಂದು “ಛಲೋ ಅಂದಿ ನೋಡು ಖಾಜಣ್ಣ, ಯಾರರೆ ಒಬ್ರು ಅನಬೇಕಾಗಿತ್ತು” ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು. ಹಿರಿಯರು ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದರು. ಅಂಗಡಿ ಖಾಲಿ ಮಾಡಲು ಹೇಳಿ ಕಳಿಸುತ್ತಾರೆ ಎಂಬ ಮಾತು ಊರಲ್ಲಿ ಹಬ್ಬಿತು. ಹೆಂಡತಿ “ಅವರು ಹೇಳೋದ್ರಾಗ ನಾವ ಕುಷ್ಟಗಿಗೆ ಹೋಗೂಣು” ಎಂದಳು. ನಾನೂ ಒಂದು ದಿನ ಕುಷ್ಟಗಿಗೆ ಹೋಗಿ ಜಾಗ ನೋಡಿ ಬಂದೆ. ಮಹಾಂತೇಶ ಮಾತ್ರ ದಿನಾಲೂ ತೋಟಕ್ಕೆ ಹೋಗುವಾಗ ಬೈಕ್ ನಿಲ್ಲಿಸಿ ಒಂದು ಕ್ಷಣ ನೋಡಿ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಬಿಸಿಲು ಕಾಯುತ್ತಿತ್ತು, ರಸ್ತೆಯಲ್ಲಿ ಯಾರೂ ಇರಲಿಲ್ಲ. ತಲೆ ಎತ್ತಿ ನೋಡಿದರೆ ಅಂಗಡಿಯ ಬಾಗಿಲಲ್ಲಿ ಶಂಕರಗೌಡರು ನಿಂತಿದ್ದರು. ನಾನು ಹೊಲಿಗೆ ಬಿಟ್ಟು ಎದ್ದೆ. ಆಯಿತು, ಖಾಲಿ ಮಾಡು ಎನ್ನಲು ತಾವೇ ಬಂದರು ಎಂದುಕೊಂಡೆ.

“ನಿಮ್ಮಪ್ಪ ಮನ್ಯಾಗ ಅದಾನೇನು?” ಎಂದು ಕೇಳಿದರು.

“ಅದಾನ್ರಿ.”

“ನಡಿ.”

ನಾನು ಮುಂದೆ, ಅವರು ಹಿಂದೆ. ನಮ್ಮ ಓಣಿಯೊಳಗೆ ಅವರು ಅದಕ್ಕೂ ಮೊದಲು ಬಂದದ್ದನ್ನು ನಾನು ನೋಡಿಲ್ಲ. ಓಟು ಕೇಳಲು ಬಂದಾಗಲೂ ಓಣಿಯ ಬಾಯಲ್ಲೇ ಜೀಪು ನಿಲ್ಲುತ್ತಿತ್ತು. ಅಪ್ಪ ಮನೆಯ ಮುಂದಿನ ಬೇವಿನ ನೆರಳಲ್ಲಿ ಹಗ್ಗದ ಮಂಚದ ಮೇಲೆ, ನಮ್ಮ ಕಡೆಯ ಹೊರಸಿನ ಮೇಲೆ ಕೂತಿದ್ದ. ಗೌಡರನ್ನು ನೋಡಿ ಕೋಲು ಹುಡುಕಿ ಏಳಲು ಹೋದ.

“ಕುಂದರು, ಕುಂದರು” ಎಂದು ಗೌಡರು ತಾವೇ ಹೊರಸಿನ ಇನ್ನೊಂದು ತುದಿಗೆ ಕೂತರು. ಹೊರಸು ಕಿರುಗುಟ್ಟಿತು. ಅಪ್ಪನೂ ಕೂತ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಎದುರಿನ ಗೋಡೆ ನೋಡುತ್ತಾ ಕೂತರು. ಕೊನೆಗೆ ಗೌಡರು ಕೇಳಿದರು.

“ಇಮಾಮಸಾಬ, ಖಾಜಾ ಅಂದ ಮಾತು ನಾ ನಿನಗ ಅಂದಿದ್ದು ಖರೇ ಏನು?”

“ಖರೇನ ಐತ್ರಿ.”

“ನನಗ ನೆನಪಿಲ್ಲೋ. ಆ ದಿನದಿಂದ ನೆನಸಾಕತ್ತೀನಿ. ಬಂಡಿ ಬಿದ್ದಿದ್ದು ನೆನಪೈತಿ. ಅವತ್ತ ಯಾವ ಎತ್ತು ಹೂಡಿದ್ವಿ ಅಂಬೋದು ನೆನಪೈತಿ. ನೀ ಬಂದು ನಿಂತದ್ದು, ನಾ ಹಂಗಂದದ್ದು, ಏನೂ ನೆನಪಾಗವಲ್ದು.” ಗೋಡೆ ನೋಡುತ್ತಲೇ ಮುಂದುವರಿಸಿದರು. “ಆದ್ರೂ ನೀ ಖರೇ ಅಂತಿ ಅಂದ ಮ್ಯಾಲೆ, ಅದು ನನ್ನ ತ—”

ಅಪ್ಪ ಕೈ ಎತ್ತಿ ತಡೆದ. ಗೌಡರು ಮಾತಾಡುವಾಗ ಅಪ್ಪ ನಡುವೆ ಬಾಯಿ ಹಾಕಿದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ.

“ಬ್ಯಾಡ್ರಿ ಗೌಡ್ರ. ನೆನಪಿಲ್ಲದ್ದಕ್ಕ ತಪ್ಪಾತು ಅನ್ನಬ್ಯಾಡ್ರಿ. ಅದು ನನಗೂ ಮುಟ್ಟಂಗಿಲ್ಲ, ನಿಮಗೂ ಮುಟ್ಟಂಗಿಲ್ಲ. ನೆನಪಾದ ದಿನ ಬರ್ರಿ. ಅವತ್ತ ಕೇಳ್ತೀನಿ.”

ದನಿಯಲ್ಲಿ ಬಿರುಸು ಇರಲಿಲ್ಲ. ಗೌಡರಿಗೆ ಬೇಸರವಾಗಲಿ ಎಂದು ಹೇಳಿದ್ದಲ್ಲ ಅದು. ಗೌಡರು ತಲೆ ತಗ್ಗಿಸಿ ಕೂತರು. ನಾನು ಒಳಗೆ ಹೋಗಿ ಹೆಂಡತಿಗೆ ಚಹಾ ಮಾಡಲು ಹೇಳಿದೆ. ಅವಳು ತಂದುಕೊಟ್ಟಳು. ಗೌಡರು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. “ಬರ್ತೀನಿ” ಎಂದು ಎದ್ದು ಹೋದರು. ಓಣಿಯ ಕೊನೆಯವರೆಗೆ ನಾನು ಹಿಂದೆ ಹೋದೆ. ಅಂಗಡಿಯ ವಿಷಯ ಅವರು ಅಂದೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ.

ತಿರುಗಿ ಬಂದು ನೋಡಿದರೆ ಅಪ್ಪ ಇದ್ದಲ್ಲೇ ಇದ್ದ. ನಾನು ಪಕ್ಕದಲ್ಲಿ ಕೂತೆ. ನಾಟಕದ ದಿನದ ಬಳಿಕ ಮೊದಲ ಸಲ ನನ್ನ ಕಡೆ ತಿರುಗಿ, “ನೀ ಉಂಡೇನು?” ಎಂದು ಕೇಳಿದ.

ಮರುವರ್ಷ ಅದೇ ನಾಟಕ ಆಡಿ ಎಂದು ಯಲಬುರ್ಗಾ ಕಡೆಯ ಒಂದು ಊರಿನವರು ಕರೆದರು. ಮಾಸ್ತರು ನಮ್ಮಿಬ್ಬರನ್ನೂ ಕೂಡಿಸಿ, ಈ ಸಲ ಪಾತ್ರ ಅದಲುಬದಲು ಮಾಡಿಕೊಳ್ಳಬಹುದು ಎಂದರು. ಮಹಾಂತೇಶನಿಗೆ ಧಣಿ, ನನಗೆ ಭೀಮ್ಯಾ. ಬೇಡ ಎಂದವನು ನಾನೇ. ಧಣಿಯ ಪಾತ್ರ ಎಷ್ಟು ಸಲ ಬೇಕಾದರೂ ಮಾಡುತ್ತೇನೆ, ಆ ಬೀಳುವುದು ಮಾತ್ರ ನನ್ನಿಂದ ಆಗುವುದಿಲ್ಲ ಎಂದೆ. ಮಹಾಂತೇಶ “ಅದನ್ನ ನಾನ ಮಾಡ್ತೀನಿ ಬಿಡ್ರಿ ಸರ್” ಎಂದ. ಹಾಗೇ ಆಡಿದೆವು. ಅಲ್ಲಿಯ ಮಂದಿಗೆ ನಮ್ಮ ಊರಿನ ಸಂಗತಿ ಗೊತ್ತಿರಲಿಲ್ಲ. ಮಾಸ್ತರು ಬರೆದ ಮಾತನ್ನೇ ಆಡಿದೆ. ಚೆನ್ನಾಗಿ ಚಪ್ಪಾಳೆ ಬಿದ್ದವು.

ಅಂದು ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿದಿಲ್ಲ. ಅಪ್ಪನ ಗಾಯವನ್ನು ಅಪ್ಪನನ್ನು ಕೇಳದೆ ತೆರೆದೆ ಎಂಬುದು ಒಂದು ಕಡೆ. ತೆರೆಯದಿದ್ದರೆ ಆ ಹೊರಸಿನ ಮೇಲೆ ಅವರಿಬ್ಬರೂ ಎಂದಾದರೂ ಕೂಡುತ್ತಿದ್ದರೇ ಎಂಬುದು ಇನ್ನೊಂದು ಕಡೆ. ಗೌಡರು ನೆನಪಿಲ್ಲ ಎಂದಾಗ ಸುಳ್ಳು ಹೇಳಿದರು ಎಂದು ನನಗೆ ಅನಿಸುವುದಿಲ್ಲ. ಸುಳ್ಳಾಗಿದ್ದರೆ ಚೆನ್ನಾಗಿತ್ತು. ಒಬ್ಬ ಮನುಷ್ಯನ ಬದುಕನ್ನೇ ಬಗ್ಗಿಸಿದ ಮಾತು, ಆಡಿದವರಿಗೆ ಎಲೆಯಡಿಕೆ ಉಗುಳಿದಷ್ಟೂ ನೆನಪಿರಲಿಲ್ಲ. ಅದನ್ನು ಅರಗಿಸಿಕೊಳ್ಳುವುದೇ ನನಗೆ ಕಷ್ಟ.

ಗೌಡರಿಗೆ ಈಗ ವಯಸ್ಸಾಗಿದೆ, ಹೊರಗೆ ಬರುವುದು ಕಡಿಮೆ. ಅಪ್ಪನಿಗೂ ದೂರದ್ದು ಸರಿಯಾಗಿ ಕಾಣುವುದಿಲ್ಲ. ಆದರೂ ಮಧ್ಯಾಹ್ನದ ಹೊತ್ತು ನಮ್ಮ ಓಣಿಯ ಬಾಯಲ್ಲಿ ಯಾರದಾದರೂ ಹೆಜ್ಜೆ ಸಪ್ಪಳವಾದರೆ ಅಪ್ಪ ತಲೆ ಎತ್ತಿ ಅತ್ತ ನೋಡುತ್ತಾನೆ. ಯಾರ ದಾರಿ ಕಾಯುತ್ತಿದ್ದೀ ಎಂದು ನಾನು ಕೇಳಿಲ್ಲ.